ಮಡ್‌ಗಾರ್ಡಿನ ಕೆಳಗಿನ ಕೋಳಿ

ಕಾವೇರಿಯ ದಂಡೆಯಲ್ಲಿ, ಹೊಂಗೆ ಮರದ ನೆರಳಿನಲ್ಲಿ ಒಂದು ತಗಡಿನ ಶೆಡ್ಡು. ಆಶ್ರಮ ಎಂದು ಯಾರೂ ಬೋರ್ಡು ಹಾಕಿರಲಿಲ್ಲ. ಆದರೆ ಒಳಗೆ ಒಬ್ಬ ಗುರು ಇದ್ದರು, ಒಬ್ಬ ಶಿಷ್ಯನಿದ್ದ. ಇನ್ನೇನು ಬೇಕು?

ಗುರುವಿನ ಹೆಸರು ರಾಯಪ್ಪ ಮೇಸ್ತ್ರಿ. ಹಳೆಯ ಕಾರುಗಳ ನೆಗ್ಗಿದ ಮೈಯನ್ನು ಬಡಿದು ಬಡಿದು ಮತ್ತೆ ರೂಪಕ್ಕೆ ತರುವುದು ಅವರ ಕೆಲಸ. ಶಿಷ್ಯ ಚೆಲುವರಾಜುವಿಗೆ ಮೂವತ್ತನಾಲ್ಕು ವರ್ಷ. ಎಂಟು ವರ್ಷದಿಂದ ಅವರ ಹತ್ತಿರ ಕಲಿಯುತ್ತಿದ್ದ. ಅವನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪು ಇರುತ್ತಿರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಲಾರಿಯ ಮೇಲೆ ಒಂದು ಕಾರು ಬಂತು. ಮೈಸೂರಿನ ವಕೀಲರೊಬ್ಬರ ಮನೆಯದು. ನಲವತ್ತು ವರ್ಷದಿಂದ ಓಡಿರಲಿಲ್ಲ.

ಎರಡೇ ಸೀಟು. ತಲೆಯ ಮೇಲೆ ಚಾವಣಿ ಇಲ್ಲ. ಕೂತು ಕೈ ಇಳಿಬಿಟ್ಟರೆ ರಸ್ತೆ ಮುಟ್ಟಬಹುದು, ಅಷ್ಟು ತಗ್ಗು. ಉದ್ದನೆಯ ಬಾನೆಟ್ಟಿಗೆ ಚರ್ಮದ ಬೆಲ್ಟು ಬಿಗಿದಿದ್ದರು. ಮುಂದಿನ ಗಾಜನ್ನು ಮಡಚಿ ಮಲಗಿಸಿದರೆ ಗಾಳಿಯೆಲ್ಲ ಮುಖಕ್ಕೆ.

ಚೆಲುವರಾಜು ಅದರ ಸುತ್ತ ಮೂರು ಸಲ ತಿರುಗಿದ. ಅವನಿಗೆ ಊಟ ನೆನಪಾಗಲಿಲ್ಲ.

"ಯಾವ ಕಾಲದ್ದು ಮೇಸ್ತ್ರಿ ಇದು?"

"ಮೂವತ್ತಾರನೇ ಇಸವಿ. ಇಂಗ್ಲೆಂಡಿನ ಒಂದು ಸಣ್ಣ ಶೆಡ್ಡಲ್ಲಿ ಮಾಡಿದ್ದು. ನಮ್ಮದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ."

"ಎಷ್ಟು ಮಾಡಿದ್ರು?"

"ಮೂವತ್ತು ತುಂಬಲಿಲ್ಲ. ಯುದ್ಧ ಬಂತು. ತಗಡು ಬಡಿಯೋರನ್ನೆಲ್ಲ ವಿಮಾನದ ಕೆಲಸಕ್ಕೆ ಕರ್ಕೊಂಡ್ರು. ಆಮೇಲೆ ಆ ಶೆಡ್ಡಿನ ಬಾಗಿಲು ತೆಗೀಲೇ ಇಲ್ಲ."

"ಈಗ ಎಷ್ಟು ಉಳಿದಿವೆ?"

"ನನ್ನ ಕಣ್ಣಿಗೆ ಬಿದ್ದಿರೋದು ಇದೊಂದೇ."

ಮೇಸ್ತ್ರಿ ತಮ್ಮ ಸುತ್ತಿಗೆಯನ್ನು ತೆಗೆದು ಬೆಂಚಿನ ಮೇಲಿಟ್ಟರು. ಅವರ ಗುರು ಅವರಿಗೆ ಕೊಟ್ಟಿದ್ದ ಸುತ್ತಿಗೆ. ಹಿಡಿ ಸವೆದು ಬೆರಳಿನ ಗುರುತು ಬಿದ್ದಿತ್ತು.

"ಈ ಗಾಡಿ ನೀನು ಮುಗಿಸು. ಸರಿಯಾಗಿ ಮುಗಿಸಿದರೆ ಈ ಸುತ್ತಿಗೆ ನಿನ್ನದು, ಶೆಡ್ಡೂ ನಿನ್ನದು. ನಾನು ಹೊಳೆ ನೋಡ್ಕೊಂಡು ಕೂರ್ತೀನಿ."

ಹೀಗೆ ಹೇಳಿ ಮೇಸ್ತ್ರಿ ಮಗಳ ಮನೆಗೆ ಹೋದರು. ಬಂದದ್ದು ಹದಿನೈದು ದಿನ ಕಳೆದು.

ಬಂದಾಗ ಶಿಷ್ಯ ಬೆವರುತ್ತಿದ್ದ. ಕೈಯಲ್ಲಿ ಹೊಸ ಮಡ್‌ಗಾರ್ಡ್ ಇತ್ತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಹಿಂದಿನ ಬಲಗಡೆಯದು ಹರಿದಿತ್ತು ಮೇಸ್ತ್ರಿ. ಎಡಗಡೆಯದರ ಮೇಲೆ ರಟ್ಟಿಟ್ಟು ಅಚ್ಚು ತೆಗೆದೆ. ಅದನ್ನೇ ಮಗುಚಿ ಬಲಗಡೆಗೆ ಹೊಸದು ಮಾಡಿದೆ. ಅಳತೆ ಒಂದು ನೂಲೂ ಆಚೀಚೆ ಇಲ್ಲ."

"ಮತ್ತೆ ಯಾಕೆ ಕೂರಿಸಿಲ್ಲ?"

"ಕೂರ್ತಾ ಇಲ್ಲ. ಗಾಡಿಯೇ ಸೊಟ್ಟ. ಬಲಗಡೆ ಮೈ ಅರ್ಧ ಇಂಚು ಜಾಸ್ತಿ ಉಬ್ಬಿದೆ. ಅಲ್ಲಿ ಕತ್ತರಿಸಿದರೆ ಸರಿಹೋಗುತ್ತೆ."

ಮೇಸ್ತ್ರಿ ಒಂದು ತಗಡಿನ ಹಾಳೆ ಎಳೆದುಕೊಂಡರು.

"ಎರಡೂ ಕೈ ಇಡು."

ಅವನು ಇಟ್ಟ. ಮೇಸ್ತ್ರಿ ಸೀಮೆಸುಣ್ಣದಿಂದ ಎರಡೂ ಅಂಗೈಗಳ ಸುತ್ತ ಗೆರೆ ಎಳೆದರು. ಅವನದೇ ಅಳತೆಪಟ್ಟಿಯನ್ನು ಅವನ ಕೈಗೇ ಕೊಟ್ಟರು.

ಚೆಲುವರಾಜು ಅಳೆದ. ಮತ್ತೊಮ್ಮೆ ಅಳೆದ. ಎರಡು ಅಂಗೈ ಒಂದೇ ಅಳತೆಯಲ್ಲಿರಲಿಲ್ಲ.

"ಈಗ ಹೇಳು, ಯಾವ ಕೈ ಕತ್ತರಿಸೋಣ?"

ಶಿಷ್ಯ ಅಳತೆಪಟ್ಟಿಯನ್ನು ಕೆಳಗಿಟ್ಟ.

"ಹಳೇದೆಲ್ಲಿ?" ಎಂದರು ಮೇಸ್ತ್ರಿ.

"ಗುಜರಿಗೆ ಹಾಕಿದೆ. ನೀವು ಹೋದ ದಿನವೇ."

ಮೇಸ್ತ್ರಿಯ ಮುಖ ಬಾಡಿತು. ಅವರು ಬೈದಿದ್ದರೆ ಚೆಲುವರಾಜು ತಡೆದುಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ಬೆಂಚಿನ ಮೇಲಿದ್ದ ಸುತ್ತಿಗೆಯನ್ನು ಎತ್ತಿ ಮತ್ತೆ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಅದು ಬರೋವರೆಗೂ ನೀನು ಸುತ್ತಿಗೆ ಮುಟ್ಟಬೇಡ."

ಮಡ್‌ಗಾರ್ಡ್ ಅಲ್ಯೂಮಿನಿಯಂನದು; ಗುಜರಿಯಲ್ಲಿ ಅದು ಹೆಚ್ಚು ದಿನ ಉಳಿಯುವುದಿಲ್ಲ. ಕರಗಿ ಪಾತ್ರೆಯಾಗಿಬಿಡುತ್ತದೆ. ಚೆಲುವರಾಜು ಓಡಿಯೇ ಹೋದ.

ಗುಜರಿಯವನ ಹೆಂಡತಿ ಹಲೀಮಾಬಿ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅಮ್ಮಾ, ಉದ್ದಕ್ಕೆ, ಬಾಗಿಕೊಂಡು, ಒಂದು ಕಡೆ ಹರಿದಿದ್ದ ತಗಡು..."

"ಅಲ್ಲಿದೆ ನೋಡಪ್ಪ."

ಮೂಲೆಯಲ್ಲಿ ಮಡ್‌ಗಾರ್ಡ್ ಬೋರಲಾಗಿ ಬಿದ್ದಿತ್ತು. ಅದರ ಕೆಳಗೆ ಒಂದು ಕೆಂಪು ಕೋಳಿ ಕಾವಿಗೆ ಕೂತಿತ್ತು.

"ನಮ್ಮೋರು ಕುಲುಮೆಗೆ ಹಾಕೋಕೆ ಹೋಗಿದ್ರು. ನಾನೇ ಕಿತ್ಕೊಂಡೆ. ಒಳಗಡೆ ಕೈಯಾಡಿಸಿದ್ರೆ, ಯಾರೋ ಪುಣ್ಯಾತ್ಮ ಕೂತು ಮಾಡಿರೋದು ಅನ್ನಿಸ್ತು. ಕರಗಿಸೋಕೆ ಮನಸ್ಸು ಬರಲಿಲ್ಲ."

ಈ ಮಾತಿಗೆ ಚೆಲುವರಾಜುವಿಗೆ ಕೆನ್ನೆಗೆ ಬಾರಿಸಿದಂತಾಯಿತು. ಎಂಟು ವರ್ಷ ಕಲಿತವನು ಒಳಗಡೆ ಒಮ್ಮೆಯೂ ಕೈಯಾಡಿಸಿರಲಿಲ್ಲ.

"ತಗೊಂಡು ಹೋಗಲಾ ಅಮ್ಮಾ? ಬದಲಿಗೆ ಒಳ್ಳೇ ಬುಟ್ಟಿ ತಂದುಕೊಡ್ತೀನಿ."

"ಅಯ್ಯೋ ಬೇಡಪ್ಪ. ಈಗ ಅಲುಗಾಡಿಸಿದ್ರೆ ಅದು ಮೊಟ್ಟೆ ಬಿಟ್ಟು ಎದ್ದುಹೋಗುತ್ತೆ. ಇನ್ನು ಆರೇ ದಿನ. ಮರಿ ಆದ್ಮೇಲೆ ತಗೊಂಡ್ಹೋಗು. ನಾನೆಲ್ಲಿ ಓಡಿಹೋಗ್ತೀನಿ?"

ಅವನು ಬಂದು ಮೇಸ್ತ್ರಿಗೆ ಹೇಳಿದ.

"ಹಾಗಾದರೆ ದಿನಾ ಹೋಗಿ ನೋಡ್ಕೊಂಡು ಬಾ," ಎಂದರು ಮೇಸ್ತ್ರಿ.

ಮೊದಲನೆಯ ದಿನ ಬಂದಾಗ ಕೇಳಿದರು: "ಏನು ನೋಡಿದೆ?"

"ಕೋಳಿ."

ಎರಡನೆಯ ದಿನ: "ಏನು ನೋಡಿದೆ?"

"ಅದೇ ಕೋಳಿ. ಕುಕ್ಕಿತು." ಅವನು ಬೆರಳು ತೋರಿಸಿದ.

ಮೇಸ್ತ್ರಿ ನಕ್ಕರು. "ನಿಂತು ನೋಡ್ತಿದೀಯ. ಮಲಗಿ ನೋಡು."

ಮೂರನೆಯ ದಿನ ಚೆಲುವರಾಜು ಹಿತ್ತಲಿನ ಮಣ್ಣಿನಲ್ಲಿ ಅಂಗಾತ ಮಲಗಿದ. ಕೋಳಿಯ ಪಕ್ಕದಲ್ಲಿ ತಲೆ ತೂರಿಸಿದ. ಹಲೀಮಾಬಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಕೋಳಿ ಮಾತ್ರ ಈ ಸಲ ಏನೂ ಮಾಡಲಿಲ್ಲ.

ಮಡ್‌ಗಾರ್ಡಿನ ಹೊಟ್ಟೆಯೊಳಗೆ ಬಣ್ಣವಿರಲಿಲ್ಲ, ಹೊಳಪೂ ಇರಲಿಲ್ಲ. ಸುತ್ತಿಗೆಯ ಪೆಟ್ಟುಗಳಿದ್ದವು. ಸಾವಿರಾರು ಪೆಟ್ಟುಗಳು, ಮೀನಿನ ಹುರುಪೆಯ ಹಾಗೆ ಒಂದರ ಪಕ್ಕ ಒಂದು. ಎಲ್ಲವೂ ಒಂದೇ ಕಡೆಗೆ ಓರೆಯಾಗಿದ್ದವು. ಒಂದು ಕಡೆ ಮಾತ್ರ ನಾಲ್ಕೈದು ಪೆಟ್ಟು ಗಡಿಬಿಡಿಯಲ್ಲಿ ಬಿದ್ದಿದ್ದವು. ಆಮೇಲೆ ಮತ್ತೆ ಸಮಾಧಾನ.

ಅವನು ಒಂದು ಕಡ್ಡಿ ಹಿಡಿದು, ಆ ಓರೆ ಹೇಗೆ ಬರುತ್ತದೆಂದು ಗಾಳಿಯಲ್ಲಿ ಬಡಿದು ನೋಡಿದ. ಬರಲಿಲ್ಲ. ಕಡ್ಡಿಯನ್ನು ಎಡಗೈಗೆ ಬದಲಿಸಿದ. ಬಂತು.

ಆವತ್ತು ಸಂಜೆ ಮೇಸ್ತ್ರಿ ಕೇಳುವ ಮೊದಲೇ ಅವನು ಹೇಳಿದ.

"ಬಲಗಡೆಯದನ್ನು ಬಡಿದವನು ಎಡಚ, ಮೇಸ್ತ್ರಿ! ಎಡಗಡೆಯದೂ ನೋಡಿದೆ. ಅದು ಬೇರೆಯವನ ಕೈ. ಬಲಗಡೆ ಮೈ, ಮಡ್‌ಗಾರ್ಡು ಎಲ್ಲ ಇವನೊಬ್ಬನೇ ಬಡಿದಿರೋದು. ಅದಕ್ಕೇ ಅವನದು ಅವನದಕ್ಕೇ ಕೂರುತ್ತೆ. ಒಂದು ಕಡೆ ಕೈ ತಪ್ಪಿದೆ. ಯಾರೋ ಕರೆದಿರಬೇಕು."

"ಯಾರು ಕರೆದರು?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ," ಎಂದರು ಮೇಸ್ತ್ರಿ. ಅವರ ದನಿಯಲ್ಲಿ ಸಂತೋಷವಿತ್ತು.

ಉಳಿದ ಮೂರು ದಿನ ಅವನು ಯಾರೂ ಹೇಳದೆಯೇ ಹೋದ, ಹೋಗುವಾಗ ಒಂದು ಹಿಡಿ ನುಚ್ಚು ಒಯ್ದ.

ಆರನೆಯ ದಿನ ಒಂಬತ್ತು ಮರಿ ಹೊರಬಂದವು. ಹಲೀಮಾಬಿ ಮಡ್‌ಗಾರ್ಡನ್ನು ಹಳೆಯ ಸೀರೆಯಲ್ಲಿ ಒರೆಸಿ ಅವನ ಕೈಗಿಟ್ಟರು. ಅದು ಇನ್ನೂ ಬೆಚ್ಚಗಿತ್ತು.

ಹರಿದ ಜಾಗಕ್ಕೆ ಅಂಗೈಯಗಲ ಹೊಸ ತಗಡು ಬೇಕಾಗಿತ್ತು. ಚೆಲುವರಾಜು ಅದನ್ನು ಎಡಗೈಯಲ್ಲಿ ಬಡಿಯಲು ಕೂತ. ಬೆರಳು ಜಜ್ಜಿಕೊಂಡ. ಎರಡು ಗಂಟೆಯ ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಮೇಸ್ತ್ರಿ ಹೊಂಗೆ ಮರದ ಕೆಳಗೆ ಕೂತು ಸದ್ದನ್ನಷ್ಟೇ ಕೇಳುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ಮಡ್‌ಗಾರ್ಡ್ ಎತ್ತಿ ಹಿಡಿದ. ಅದು ತಾನಾಗಿ ಹೋಗಿ ಕೂತಿತು. ಒತ್ತಬೇಕಾಗಲೇ ಇಲ್ಲ.

ಬಣ್ಣ ಮುಗಿದು, ಎಂಜಿನ್ ಜೋಡಿಸಿ, ಬಾನೆಟ್ಟಿನ ಬೆಲ್ಟು ಬಿಗಿದ ದಿನ ಚೆಲುವರಾಜು ಕಾರಿನ ಬಾಗಿಲು ತೆರೆದ. ಡ್ರೈವರ್ ಸೀಟಿನ ಮೇಲೆ ಮೇಸ್ತ್ರಿಯ ಸುತ್ತಿಗೆ ಇತ್ತು.

ಅವನು ಅದನ್ನೇ ನೋಡುತ್ತ ನಿಂತ.

"ಎತ್ತಿಕೊಂಡು ಕೂತ್ಕೋ. ಇಲ್ಲದಿದ್ರೆ ಚುಚ್ಚುತ್ತೆ," ಎಂದು ಮೇಸ್ತ್ರಿ ಪಕ್ಕದ ಸೀಟಿಗೆ ಹತ್ತಿದರು.

ಎಂಜಿನ್ ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಹಿಡಿಯಿತು. ಗಾಜು ಮಲಗಿಸಿದರು. ಹೊಳೆಯ ಪಕ್ಕದ ರಸ್ತೆಯಲ್ಲಿ ಕಾರು ಓಡಿತು. ಭತ್ತದ ಗದ್ದೆಯಲ್ಲಿದ್ದವರು ಎದ್ದು ನಿಂತು ನೋಡಿದರು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಚೆಲುವರಾಜುವಿನ ಕಣ್ಣಲ್ಲಿ ಗಾಳಿಗಿಂತ ಮೊದಲೇ ಬಂದಿತ್ತು.

ಸೇತುವೆಯ ಹತ್ತಿರ ಅವನು ಕಾರು ನಿಲ್ಲಿಸಿದ.

"ಮೇಸ್ತ್ರಿ, ಆ ಎಡಚನಿಗೆ ಒಂದು ಮಾತು ಹೇಳಬೇಕು ಅನ್ನಿಸ್ತಿದೆ. ನಿನ್ನಿಂದ ಕಲಿತೆ ಅಂತ. ಅವನ ಹೆಸರು ಗೊತ್ತಿಲ್ಲ. ಆ ಶೆಡ್ಡೂ ಇಲ್ಲ. ಎಲ್ಲಿ ಹೋಗಿ ಹೇಳಲಿ?"

ಮೇಸ್ತ್ರಿ ಹೊಳೆಯನ್ನೇ ನೋಡುತ್ತಿದ್ದರು.

"ಅವನು ಸಿಗಲ್ಲ ಕಣೋ," ಎಂದರು. "ಕೋಳಿ ಸಿಗುತ್ತೆ, ಅದಕ್ಕೆ ಹೇಳು. ಗಾಡಿ ತಿರುಗಿಸು."