ಒಂದೇ ಅಮಾವಾಸ್ಯೆಯ ಮೂರು ಸಂಗತಿ

“ಕೋಟೆಯ ಒಳಗಿನವರೂ ಹೊರಗಿನವರೂ ಕೇಳಿರಿ. ಒಂದೇ ತಿಥಿಯಂದು, ಬೇರೆ ಬೇರೆ ವರ್ಷಗಳಲ್ಲಿ ನಡೆದ ಮೂರು ಸಂಗತಿಗಳನ್ನು ರಾಜಕುಮಾರಿ ಪದ್ಮಾಂಬೆಯವರು ಒಗಟಾಗಿ ಕೇಳುವರು. ಬಿಡಿಸಿದವನು ಬೇಡಿದ್ದು ಸಿಗುವುದು. ತಪ್ಪಿದವನ ತಲೆ ಹೋಗುವುದು.”

ಹೊನ್ನದುರ್ಗದಲ್ಲಿ ಹೀಗೆ ಡಂಗುರ ಹೊಡೆದ ಮೂರನೆಯ ದಿನ, ಮೊರ ಹೆಣೆಯುವ ನಿಂಗಯ್ಯ ಆಸ್ಥಾನಕ್ಕೆ ಬಂದ. ಅವನ ತಾಯಿ ಬೊಮ್ಮವ್ವ ಸೂಲಗಿತ್ತಿ. ಹದಿನೆಂಟು ವರ್ಷದ ಹಿಂದೆ ರಾಣಿ ಹೆರಿಗೆಯಲ್ಲಿ ತೀರಿಕೊಂಡಾಗ ಅರಸರು ಅವಳನ್ನು ಕೋಟೆಯಿಂದ ಹೊರಗಟ್ಟಿದ್ದರು. ಅಂದಿನಿಂದ ಒಬ್ಬರೂ ಅವಳನ್ನು ಹೆರಿಗೆಗೆ ಕರೆದಿರಲಿಲ್ಲ. ತಾಯಿಯ ಮೇಲಿನ ಆ ಕಳಂಕ ತೊಳೆಯಲೆಂದೇ ಮಗ ತಲೆ ಒಡ್ಡಿದ್ದ.

ಕಂಬದ ಬಳಿ ಇಬ್ಬರು ಕೈಕಟ್ಟಿಸಿಕೊಂಡು ಸಂಜೆಯ ಶಿಕ್ಷೆಗೆ ಕಾಯುತ್ತಿದ್ದರು. ನೆರೆರಾಜ್ಯದ ರಾಜಕುಮಾರ ಮೊದಲ ಒಗಟಿಗೇ ‘ಲಕ್ಷ್ಮಿ’ ಎಂದು ಸೋತಿದ್ದ. ಪಂಡಿತರ ಮಗ ಎರಡನೆಯದಕ್ಕೆ ‘ರಾಯಭಾರಿ’ ಎಂದಿದ್ದ.

“ಮೊರ ಮಾರೋಕೆ ಬಂದೆಯೇನೋ?” ಎಂದ ರಾಜಕುಮಾರ.

“ಇಲ್ಲ ಬುದ್ಧಿ. ಬಿದ್ದ ತಲೆ ಇಡೋಕೂ ಒಂದು ಮೊರ ಬೇಕಲ್ಲ.”

ಪದ್ಮಾಂಬೆ ನಗಲಿಲ್ಲ. “ಕಾಲಿಲ್ಲದವಳು ಬೆಟ್ಟದಿಂದ ನಡೆದುಬಂದು ಮನೆಮನೆಯ ಕೊಡ ತುಂಬಿಸಿದಳು. ಯಾರವಳು?”

“ಕಾಲುವೆಯ ನೀರು ತಾಯಿ. ಅದು ಊರಿಗೆ ಬಂದದ್ದು ವೈಶಾಖದ ಅಮಾವಾಸ್ಯೆ.”

“ಕೈಯಲ್ಲಿ ಆಯುಧವಿಲ್ಲ, ಬಾಯಲ್ಲಿ ಮಾತಿಲ್ಲ. ಆದರೂ ಎರಡು ಸೈನ್ಯಗಳ ಕತ್ತಿ ಇಳಿಸಿದ.”

“ಕತ್ತಲೆ. ಗ್ರಹಣ ಹಿಡಿದು ಹಗಲೇ ಕಪ್ಪಾದಾಗ ಎರಡೂ ಕಡೆಯವರು ಹೆದರಿ ಸಂಧಿಗೆ ಒಪ್ಪಿದರು. ಅದೂ ಅದೇ ಅಮಾವಾಸ್ಯೆ.”

“ನಿನಗೆ ಪಂಚಾಂಗ ಓದಲು ಬರುತ್ತದೆಯೇ?”

“ಇಲ್ಲ ತಾಯಿ. ನಮ್ಮವ್ವ ಕೂಸುಗಳನ್ನ ಹಾಗೇ ನೆನಪಿಡೋದು. ಕಾಲುವೆ ನೀರು ಬಂದ ದಿನ ಕುಂಬಾರರ ಮಗ, ಗ್ರಹಣದ ದಿನ ಗಾಣಿಗರ ಅವಳಿ. ಹಾಗೆ.”

ಪದ್ಮಾಂಬೆಯ ದನಿ ತಗ್ಗಿತು. “ಅದೇ ಅಮಾವಾಸ್ಯೆ ಅರಮನೆಗೆ ಒಬ್ಬರು ಬಂದರು, ಒಬ್ಬರು ಹೋದರು. ಒಬ್ಬರನ್ನೊಬ್ಬರು ನೋಡಿದರೋ, ಇಲ್ಲವೋ?”

ಸಭೆ ತಲೆತಗ್ಗಿಸಿತು. ಅರಮನೆಯಲ್ಲಿ ಆ ದಿನದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಈ ಉತ್ತರ ಕೇಳುವವಳಿಗೂ ಗೊತ್ತಿಲ್ಲವೆಂದು ನಿಂಗಯ್ಯನಿಗೆ ಆಗ ಹೊಳೆಯಿತು.

“ಬಂದವರು ನೀವು, ಹೋದವರು ರಾಣಿಯಮ್ಮ. ನೋಡಿದರು ತಾಯಿ. ಹೊಕ್ಕುಳಬಳ್ಳಿ ಕತ್ತರಿಸೋಕೆ ಮುಂಚೆ ಕೂಸನ್ನ ಹೆತ್ತವಳ ಮುಖಕ್ಕೆ ತೋರಿಸೋದು ನಮ್ಮವ್ವನ ಪದ್ಧತಿ. ನಿಮ್ಮ ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇದೆ. ರಾಣಿಯಮ್ಮ ಅದನ್ನ ಬೆರಳಲ್ಲಿ ಮುಟ್ಟಿ, ‘ನಮ್ಮಮ್ಮನಿಗೂ ಇತ್ತು’ ಅಂದು ನಕ್ಕರಂತೆ. ರಕ್ತ ನಿಲ್ಲದೆ ಹೋದದ್ದು ಆಮೇಲೆ.”

ಪದ್ಮಾಂಬೆಯ ಕೈ ಕಿವಿಯ ಹಿಂದಕ್ಕೆ ಹೋಯಿತು. ಅವಳು ತಂದೆಯತ್ತ ನೋಡಿದಳು.

“ಅವಳ ಅಮ್ಮನಿಗೆ ಇತ್ತು, ಮಗಳೇ,” ಎಂದರು ಅರಸರು. “ಸೂಲಗಿತ್ತಿಯನ್ನು ಒಂದು ಮಾತೂ ಕೇಳದೆ ಕಳಿಸಿಬಿಟ್ಟೆ.”

“ಏನು ಬೇಕು ಕೇಳಿಕೋ, ನಿಂಗಯ್ಯ,” ಎಂದಳು ಪದ್ಮಾಂಬೆ.

“ನಮ್ಮವ್ವನಿಗೆ ಕೋಟೆ ಬಾಗಿಲು ತೆರೆಸಿ.”

ಅವಳು ಕೈಕಟ್ಟಿಸಿಕೊಂಡಿದ್ದ ಇಬ್ಬರನ್ನೂ ಬಿಡಿಸಿದಳು. ತನ್ನ ಪಲ್ಲಕ್ಕಿಯನ್ನೇ ಬೊಮ್ಮವ್ವನಿಗೆ ಕಳಿಸಿದಳು. ನಿಂಗಯ್ಯನಿಗೆ ಕಾಲುವೆಯ ಕೆಳಗಿನ ಗದ್ದೆಯೂ ಸಿಕ್ಕಿತು. ಆ ಮಧ್ಯಾಹ್ನ ಬೊಮ್ಮವ್ವ ಬಂದು ಕುಳಿತಾಗ ಪದ್ಮಾಂಬೆ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಕೇಳಿದಳು: “ಹೇಗೆ ನಕ್ಕರು, ಅವ್ವಾ? ಮೊದಲಿಂದ ಹೇಳು.”