ಸಾಹೇಬರ ವಾಚು, ಫಕೀರಪ್ಪನ ಕಾಲು

ಹೊಸಮನಿ ಸಾಹೇಬರು ಕುರ್ಚಿ ಬಿಟ್ಟು ಏಳುವವರಲ್ಲ. ಆದರೂ ದಿನಾ ಸಂಜೆ ಅವರ ಫೇಸ್‌ಬುಕ್ಕಿನಲ್ಲಿ "ಇಂದು ಆರು ಕಿಲೋಮೀಟರ್ ನಡೆದೆ" ಎಂಬ ಸುದ್ದಿ ನಕ್ಷೆ ಸಮೇತ ಬೀಳುತ್ತಿತ್ತು. ನಡಿಗೆ ಅಳೆಯುವ ಅವರ ವಾಚು ಕಟ್ಟಿಕೊಂಡು ನಡೆಯುತ್ತಿದ್ದವನು ಕಚೇರಿಯ ಜವಾನ ಫಕೀರಪ್ಪ.

"ಮೊಣಕಾಲು ನೋಯಾಕತ್ತಾವ್ರಿ ಸಾಹೇಬ್ರ," ಅಂದ ಒಂದು ದಿನ.

"ಸುಮ್ನ ನಡಿ. ಇಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ!"

ಫಕೀರಪ್ಪ ವಾಚು ಕಟ್ಟಿಕೊಂಡ. ನೆಟ್ಟಗೆ ಹೋಗಿ ಬಸ್‌ಸ್ಟ್ಯಾಂಡಿನ ಭಜಿ ಅಂಗಡಿಗೆ ನಲವತ್ತು ಸುತ್ತು ಹಾಕಿದ. ವಾಚು ಎಂದಿನಂತೆ ನಕ್ಷೆಯನ್ನು ತಾನಾಗಿಯೇ ಊರಿಗೆಲ್ಲ ಹಂಚಿತು. ಅದರಲ್ಲಿ ಅಂಗಡಿಯ ಹೆಸರಿನ ಸುತ್ತ ಕೆಂಪು ಗೆರೆ ಉಂಡೆ ಕಟ್ಟಿತ್ತು.

ಬೆಳಿಗ್ಗೆ ಸಾಹೇಬರ ಹೆಂಡತಿ ಕಚೇರಿಗೇ ಬಂದರು.

"ಡಾಕ್ಟರ್ ಎಣ್ಣಿ ತಿನಿಸು ಮುಟ್ಟಬ್ಯಾಡ್ರಿ ಅಂದಾರ. ನೀವು ನೋಡಿದ್ರ ಭಜಿ ಅಂಗಡಿಗೆ ಪ್ರದಕ್ಷಿಣಿ ಹಾಕೀರಿ!"

"ದೇವರಾಣೆ, ನಾ ಆ ಕಡೆ ಹೋಗೇ ಇಲ್ಲ!"

"ಹಂಗಾರ ನಡದಾವ ಯಾರು?"

ಇಡೀ ಕಚೇರಿ ಪೆನ್ನು ಕೆಳಗಿಟ್ಟಿತು. ಸಾಹೇಬರು ಫಕೀರಪ್ಪನನ್ನು ನೋಡಿದರು. ಫಕೀರಪ್ಪ ಫ್ಯಾನು ನೋಡುತ್ತಿದ್ದ.

"ನಾನ ನಡದೀನಿ," ಅಂದರು ಸಾಹೇಬರು, ಬೆವರು ಒರೆಸುತ್ತ. "ಒಂದ... ಒಂದೇ ಭಜಿ ತಿಂದೀನಿ."

"ಇವತ್ತಿಂದ ನಾನೂ ಜೋಡಿ ಬರ್ತೀನಿ!"

ಅಂದು ಸಂಜೆ ಸಾಹೇಬರ ಆರು ಕಿಲೋಮೀಟರಿಗೆ ಮೊದಲ ಲೈಕ್ ಒತ್ತಿದವನು ಫಕೀರಪ್ಪ, ಭಜಿ ಅಂಗಡಿಯ ಬೆಂಚಿನ ಮೇಲೆ ಕೂತು, ಎಣ್ಣೆಗೈಯಲ್ಲೇ.