ಒಗ್ಗರಣೆ ಕಸಿದ ದೊರೆ

ಹೊಳೆಯ ಈಚೆ ಕೆಂಗೋಟೆ ಅನ್ನೋ ರಾಜ್ಯ, ಆಚೆ ತೊರೆಪುರ ಅನ್ನೋ ರಾಜ್ಯ. ಕೆಂಗೋಟೆಯ ದೊರೆ ಭೂರಿಮಲ್ಲ. ಅವನಿಗೆ ಅಡುಗೆ ಮಾಡಿ ಬಡಿಸುತ್ತಿದ್ದವಳು ಚೌಡಕ್ಕ. ಚೌಡಕ್ಕನ ಒಬ್ಬಳೇ ಮಗಳನ್ನು ತೊರೆಪುರಕ್ಕೆ ಕೊಟ್ಟಿತ್ತು. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಕಥೆ ನಿಂತಿರುವುದೇ ಇದರ ಮೇಲೆ.

ಎರಡು ರಾಜ್ಯಕ್ಕೂ ಯುದ್ಧವಾಯಿತು. ತೊರೆಪುರ ಸೋತಿತು. ಭೂರಿಮಲ್ಲ ಸಂಧಿಗೆ ಕೂತ. ಕುದುರೆ ಕೊಡಿ ಅಂದ, ಕೊಟ್ಟರು. ಕೋಟೆ ಬಾಗಿಲು ಕೊಡಿ ಅಂದ, ಕಿತ್ತು ಕೊಟ್ಟರು. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಸಂಧಿಯ ಊಟದಲ್ಲಿ ತೊರೆಪುರದವರ ಸಾರು ಅವನ ಅರಮನೆ ಸಾರಿಗಿಂತ ರುಚಿಯಾಗಿತ್ತು. ದೊರೆಗೆ ಹೊಟ್ಟೆ ಉರಿಯಿತು.

"ಸೋತವರಿಗೆ ಇಷ್ಟು ರುಚಿ ಯಾಕೆ? ಇವತ್ತಿಂದ ತೊರೆಪುರದಲ್ಲಿ ಯಾರೂ ಒಗ್ಗರಣೆ ಹಾಕಕೂಡದು. ಸಾಸಿವೆಯೆಲ್ಲ ನನ್ನ ಕಣಜಕ್ಕೆ ಬರಲಿ!"

ಒಗ್ಗರಣೆ ಅಂದರೆ ಎಲ್ಲರಿಗೂ ಗೊತ್ತು. ಆದರೂ ಹೇಳಿದರೆ ತಪ್ಪಿಲ್ಲ. ಕಬ್ಬಿಣದ ಉದ್ದ ಹಿಡಿಯ ಸೌಟಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಸಾರಿನ ಮೇಲೆ ಚುರ್ ಅನ್ನಿಸುವುದು. ಭೂರಿಮಲ್ಲ ಸಾಸಿವೆ ಕಸಿದ. ಸೌಟು ಅಲ್ಲೇ ಬಿಟ್ಟ. ಇದನ್ನು ನೆನಪಿಟ್ಟುಕೊಳ್ಳಿ.

ಏಳು ವರ್ಷ ಕಳೆಯಿತು. ಮೊಮ್ಮಗಳು ನಿಂಗಿಯ ಕಿವಿ ಚುಚ್ಚಿಸಲು ಚೌಡಕ್ಕ ಯುದ್ಧದ ಮೇಲೆ ಮೊದಲ ಸಲ ಹೊಳೆ ದಾಟಿದಳು. ಊಟಕ್ಕೆ ಕೂತರು. ಮಗಳು ಸಪ್ಪೆ ಸಾರು ಬಡಿಸಿದಳು. ಮನೆಯವರೆಲ್ಲ ಒಟ್ಟಿಗೆ ಬಾಯಲ್ಲೇ "ಚುರ್!" ಅಂದರು. ಚೌಡಕ್ಕನಿಗೆ ನಗು ಬಂತು. ಬೇರೆ ಯಾರೂ ನಗಲಿಲ್ಲ.

"ಅಜ್ಜೀ, ಅಪ್ಪ ನಿಮ್ಮೂರಿಗೆ ಯುದ್ಧಕ್ಕೆ ಬರ್ವಾಗ್ಲೂ ಹಿಂಗೇ ಕೂಗ್ತಾನಂತೆ," ಅಂದಳು ನಿಂಗಿ.

ಚೌಡಕ್ಕ ಕೈಯ ತುತ್ತನ್ನು ಎಲೆಗೆ ಹಾಕಿ ಎದ್ದಳು. ಹಿತ್ತಲಿಗೆ ಹೋದರೆ ಅಳಿಯ ಕಬ್ಬಿಣ ತಟ್ಟುತ್ತಿದ್ದ.

"ಇದೇನಪ್ಪ?"

"ಒಗ್ಗರಣೆ ಸೌಟು, ಅತ್ತೆ. ಸುಮ್ನೆ ಬಿದ್ದಿತ್ತು. ಬಟ್ಟಲು ತಟ್ಟಿ ಚೂಪು ಮಾಡುದ್ರೆ ಭರ್ಜಿ ಆಯ್ತದೆ. ಮನೆಗೊಂದು ಮಾಡಿಟ್ಟೀವಿ. ಹೊಳೆ ನೀರು ಇಳಿದೇಟ್ಗೆ..." ಅಷ್ಟರಲ್ಲಿ ಅತ್ತೆಯ ಮನೆ ಯಾವ ದಡದಲ್ಲಿದೆ ಅನ್ನುವುದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಯುದ್ಧವಾದರೆ ಈಚೆಯವರು ಸಾಯಬೇಕು, ಇಲ್ಲವೇ ಅಳಿಯ ಸಾಯಬೇಕು. ಯಾರು ಗೆದ್ದರೂ ಚೌಡಕ್ಕನಿಗೆ ಸೂತಕವೇ. ಒಂದು ಭರ್ಜಿಯನ್ನು ಬಟ್ಟೆ ಗಂಟಿನೊಳಗೆ ಕಟ್ಟಿಕೊಂಡು ವಾಪಸು ಬಂದಳು.

ಮೊದಲ ದಿನ ದೊರೆಗೆ ಸಪ್ಪೆ ಸಾರು ಬಡಿಸಿದಳು.

"ಏನೇ ಚೌಡಕ್ಕ, ಎಮ್ಮೆ ಮೈ ತೊಳೆದ ನೀರಾ ಇದು?"

"ಸಾಸಿವೆಗೆ ಇರುವೆ ಮುತ್ತಿತ್ತು, ಬುದ್ಧಿ."

ಎರಡನೇ ದಿನವೂ ಸಪ್ಪೆ ಸಾರು.

"ಎಣ್ಣೆ ಗಡಿಗೆ ಬೆಕ್ಕು ಉರುಳಿಸ್ತು, ಬುದ್ಧಿ."

ದೊರೆಗೆ ರೇಗಿತು. ಪಂಕ್ತಿಯಲ್ಲಿ ಕೂತ ಸೈನಿಕರಿಗೆಲ್ಲ ಕೇಳುವ ಹಾಗೆ ಕೂಗಿದ: "ನನ್ನ ಮಾತಂದರೆ ಮಾತು! ಇಂಥ ಸಾರು ಉಣ್ಣಿಸಿದವರ ಮೇಲೆ ಕತ್ತಿ ಎತ್ತಿದರೆ ಪಾಪವಿಲ್ಲ!"

ಮೂರನೇ ದಿನವೂ ಸಪ್ಪೆ ಸಾರು. ಈ ಸಲ ಚೌಡಕ್ಕ ನೆಪ ಹೇಳಲಿಲ್ಲ. ದೊರೆ ಎಲೆ ಒದ್ದ. "ಕತ್ತಿ ತನ್ನಿ!" ಅಂದ.

ಚೌಡಕ್ಕ ಸಾರಿನ ಪಾತ್ರೆ ಕೆಳಗಿಟ್ಟಳು. "ತರಿಸಿ, ಬುದ್ಧಿ. ಮೂರು ದಿನಕ್ಕೇ ನಿಮಗೆ ಕತ್ತಿ ಬೇಕಾಯ್ತು. ಹೊಳೆಯಾಚೆಯವರು ಏಳು ವರ್ಷದಿಂದ ಇದೇ ಉಣ್ತಾವ್ರೆ. ಅವರಿಗೆ ಇದನ್ನ ಉಣ್ಣಿಸಿದೋರು ಯಾರು, ನೀವೇ ಹೇಳಿ. ಅವರು ಕತ್ತಿ ಎತ್ತಿದ್ರೆ ಪಾಪವಿಲ್ಲ ಅಂತ ನೆನ್ನೆ ತಾವೇ ಅಪ್ಪಣೆ ಕೊಡಿಸಿದ್ರಿ."

ಗಂಟು ಬಿಚ್ಚಿ ಭರ್ಜಿ ಮುಂದಿಟ್ಟಳು. ಹಿಡಿಯ ಮೇಲೆ ಇನ್ನೂ ಒಲೆಯ ಮಸಿ ಇತ್ತು. ಸೈನಿಕರು ಅದನ್ನು ನೋಡಿದರು, ದೊರೆಯನ್ನು ನೋಡಿದರು. ದೊರೆ ಎದುರಿನ ಗೋಡೆ ನೋಡಿದ. ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಿದ್ದ.

ಹೊಳೆ ಇಳಿಯುವ ಮೊದಲೇ ಸಾಸಿವೆ ಮೂಟೆಗಳು ದೋಣಿ ಹತ್ತಿದವು. ಅವುಗಳ ಹಿಂದೆಯೇ ಕುದುರೆ, ಕೋಟೆ ಬಾಗಿಲೂ ತೊರೆಪುರಕ್ಕೆ ವಾಪಸು ಹೋದವು. ಕೊನೆಯ ಮೂಟೆಯನ್ನು ದೊರೆಯೇ ಹೊರಬೇಕಾಯಿತು. ಯಾಕೆಂದರೆ ಹೊರುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಆಚೆ ದಡದಲ್ಲಿ ಒಲೆಗಳ ಮೇಲೆ ನಿಜವಾದ ಚುರ್ ಕೇಳಿತು. ನಿಂಗಿ ಹೆದರಿ ಅಮ್ಮನ ಸೆರಗು ಹಿಡಿದಳು. ಅವಳು ಹುಟ್ಟಿದ ಮೇಲೆ ಆ ಸದ್ದು ಕೇಳಿದ್ದು ಅದೇ ಮೊದಲು.

ಭರ್ಜಿಗಳನ್ನು ಮತ್ತೆ ಸೌಟು ಮಾಡಿಸಿದರು. ಆದರೆ ಕೆಲವು ಸರಿಯಾಗಿ ಬಗ್ಗಲೇ ಇಲ್ಲ. ಅವು ಈಗಲೂ ಎಣ್ಣೆ ಚೆಲ್ಲುತ್ತವೆ.

ಆದ್ದರಿಂದ ಮಕ್ಕಳೇ, ಸೋತವನ ತಟ್ಟೆಯ ರುಚಿಯನ್ನೂ ಬಿಡದೆ ಕಸಿದು ಮಾಡಿದ ಸಂಧಿ ಸಂಧಿಯಲ್ಲ, ಮುಂದಿನ ಯುದ್ಧಕ್ಕೆ ಇಟ್ಟ ಮುಹೂರ್ತ. ಗೆದ್ದಾಗ ಕಸಿಯುವ ಕೈಯನ್ನು ತಡೆದು ಹಿಡಿಯಬೇಕು. ಈಗ ಕೈ ತೊಳೆದು ಬನ್ನಿ, ಸಾರು ಆರುತ್ತಿದೆ.